ಅಜ್ಜಿ ಹೇಳಿದ ಸಂವತ್ಸರ

೨೦೨೦ನೆಯ ಇಸವಿಯ ಮಾರ್ಚ್ ೨೫ರಂದು ಯುಗಾದಿ. ಶಾರ್ವರಿ ಸಂವತ್ಸರವು ಹೊಸಿಲು ದಾಟಿ ಒಳಗೆ ಬಂದ ದಿನವೇ ದೇಶದ ಬಾಗಿಲುಗಳೆಲ್ಲ ಮುಚ್ಚಿದ್ದವು. ಶಾರ್ವರಿಯೆಂದರೆ ರಾತ್ರಿ, ಪಂಚಾಂಗದವರು ಹೆಸರನ್ನು ಸುಮ್ಮನೆ ಇಟ್ಟಿಲ್ಲವೆಂದು ಆ ದಿನ ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಚಳ್ಳಕೆರೆಯ ಪೇಟೆ ನಿಶ್ಶಬ್ದವಾಯಿತು. ಮೊಳಕಾಲ್ಮೂರಿನ ಮಗ್ಗಗಳ ಸದ್ದು ಅಡಗಿತು. ಬೆಂಗಳೂರಿನಿಂದ ಮನೆಗೆ ಮರಳಿದ ಮೊಮ್ಮಕ್ಕಳು ಮಾಡಲು ಕೆಲಸವಿಲ್ಲದೆ ಅಟ್ಟದ ಮೇಲಿನ ಟ್ರಂಕುಗಳನ್ನು ಇಳಿಸಿದರು. ಹಳೆಯ ಕ್ರಯಪತ್ರ, ಹುಳು ತಿಂದ ಜಾತಕ, ಯಾರದೆಂದು ತಿಳಿಯದ ಭಾವಚಿತ್ರ ಹೊರಬಂದುವು. ‘ನಾವು ಮೂಲದಲ್ಲಿ ಎಲ್ಲಿಯವರು?’ ಎಂಬ ಪ್ರಶ್ನೆಯೂ ಹೊರಬಂತು.

ಈ ಸೀಮೆಯಲ್ಲಿ ಅದು ಕಾಲಕ್ಷೇಪದ ಪ್ರಶ್ನೆಯಲ್ಲ. ಇಲ್ಲಿ ಬಂದವರೇ ಬಹಳ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬರೆದ ಚಪಡನು, ‘ಲಿಪಿಕಾರ’ನೆಂಬ ತನ್ನ ಬಿರುದನ್ನು ಮಾತ್ರ ವಾಯವ್ಯದ ಗಡಿನಾಡಿನ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ೧೮೯೨ರಲ್ಲಿ ಬಿ. ಎಲ್. ರೈಸರು ಆ ಶಾಸನವನ್ನು ಕಂಡುಹಿಡಿಯುವವರೆಗೂ ಈ ಪರದೇಶಿಯ ರುಜು ಯಾರಿಗೂ ತಿಳಿಯದೆ ಬಿಸಿಲಿನಲ್ಲಿ ಬಿದ್ದಿತ್ತು. ದುರ್ಗದ ಪಾಳೆಯಗಾರರ ಮೂಲವನ್ನು ಐತಿಹ್ಯ ತಿರುಪತಿಯ ಕಡೆಗೆ ಒಯ್ಯುತ್ತದೆ. ದೇವರ ಎತ್ತುಗಳನ್ನು ಸಾಕುವ ಮ್ಯಾಸನಾಯಕರ ಅನೇಕ ಹಟ್ಟಿಗಳಲ್ಲಿ ಇಂದಿಗೂ ಮನೆಮಾತು ತೆಲುಗು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ, ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರ ಮನೆಮಾತೂ ತೆಲುಗೇ! ಮೂಡಣದಿಂದ ಪಡುವಣಕ್ಕೆ ಜನ ಹರಿದ ದಾರಿಯನ್ನು ಅಡುಗೆಮನೆಯ ಮಾತು ನೆನಪಿಟ್ಟುಕೊಂಡಿರುತ್ತದೆ.

ವಾಚಕರು ಮೊಳಕಾಲ್ಮೂರಿನ ಒಂದು ನೇಕಾರರ ಮನೆಯನ್ನು ಕಲ್ಪಿಸಿಕೊಳ್ಳಲಿ. ಅಜ್ಜಿಗೆ ಎಂಬತ್ತೆರಡು ವರ್ಷ. ಮೊಮ್ಮಗ ಕಾಗದ ಹಾಸಿಕೊಂಡು ವಂಶವೃಕ್ಷ ಬರೆಯಲು ಕುಳಿತಿದ್ದಾನೆ.

“ನಮ್ಮೋರು ರಾಯದುರ್ಗದ ಸೀಮೆ ಬಿಟ್ಟು ಬಂದದ್ದು ವಿಳಂಬಿ ಸಂವತ್ಸರದಾಗೆ ಕಣಪ್ಪ,” ಎಂದಳು ಅಜ್ಜಿ.

ಹುಡುಗ ಲೆಕ್ಕ ಹಾಕಿ ೧೯೫೮ ಎಂದ. ಅಜ್ಜಿ ನಕ್ಕಳು. “ಆಗ ನಾನೇ ಈ ಮನೆಗೆ ಸೊಸೆಯಾಗಿ ಬಂದಾಗಿತ್ತಲ್ಲೋ!”

ಕುಲದ ಚರಿತ್ರೆಯನ್ನು ಹುಡುಕುವವರು ಮೊದಲು ಕಲಿಯಬೇಕಾದ ಪಾಠ ಇದು. ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಸಂವತ್ಸರವೋ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಧಾತು, ಈಶ್ವರ ಎಂದರೆ ೧೮೭೬–೭೮ರ ಮಹಾಕ್ಷಾಮ. ಕಾಳಯುಕ್ತಿ ಎಂದರೆ ೧೯೧೮, ಇನ್‌ಫ್ಲೂಯೆಂಜಾ ಜ್ವರ ಮನೆಮನೆಗಳನ್ನು ಬರಿದು ಮಾಡಿದ ವರ್ಷ. ಯಾವ ಸುತ್ತಿನದೆಂದು ತಿಳಿಯಬೇಕಾದರೆ ಮದುವೆ, ಹೆರಿಗೆ, ಬಾವಿ ತೋಡಿಸಿದ್ದು, ಇಂಥವನ್ನು ಪಕ್ಕದಲ್ಲಿಟ್ಟು ನೋಡಬೇಕು. ಹುಡುಗ ಒಂದು ಸುತ್ತು ಹಿಂದೆ ಸರಿದ: ೧೮೯೮. ಆ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಬಳ್ಳಾರಿಯ ಸೀಮೆಯೂ ಅದರ ಬಾಯಿಗೆ ಬಿತ್ತು.

ರಾಯದುರ್ಗದಿಂದ ನೇರ ಪಡುವಣಕ್ಕೆ ನಡೆದರೆ ಮೊಳಕಾಲ್ಮೂರು ಒಂದು ದಿನದ ದಾರಿಯೂ ಅಲ್ಲ. ಆದರೆ ಅಂದು ರಾಯದುರ್ಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮೊಳಕಾಲ್ಮೂರು ಮೈಸೂರು ಸಂಸ್ಥಾನದ್ದು. ೧೯೫೩ರಲ್ಲಿ ಆಂಧ್ರರಾಜ್ಯವಾದಾಗ ಬಳ್ಳಾರಿ ಈಚೆಗೆ ಬಂತು, ರಾಯದುರ್ಗ ಆಚೆ ಉಳಿದು ಅನಂತಪುರಕ್ಕೆ ಸೇರಿತು. ಹೀಗಾಗಿ ಒಂದೇ ಮನೆತನದ ಕಾಗದಪತ್ರ ಎರಡು ಸರ್ಕಾರಗಳಲ್ಲಿ, ಮೂರು ಭಾಷೆಗಳಲ್ಲಿ ಚದರಿಹೋಗಿರುತ್ತದೆ. ಶಾರ್ವರಿಯಲ್ಲಂತೂ ಗಡಿಗೇ ಅಡ್ಡಗಟ್ಟೆ ಬಿದ್ದಿತ್ತು. ಮುತ್ತಜ್ಜ ಕೂಸನ್ನು ಹೊತ್ತು ನಡೆದ ದಾರಿಯಲ್ಲಿ ಮರಿಮೊಮ್ಮಗ ಮೋಟಾರು ಸೈಕಲ್ಲಿನಲ್ಲಿ ಹೋಗುವಂತಿರಲಿಲ್ಲ.

ಹೋಗಿದ್ದರೂ ತಾನೇ ಏನು? ಅವನಿಗೆ ಬೇಕಾದುದು ಅಜ್ಜಿಯ ಬಳಿಯೇ ಇತ್ತು. ‘ನೇಯ್ಗೆಯ ಕೆಲಸ ಹುಡುಕಿಕೊಂಡು ಬಂದವರು’ ಎಂದೇ ಮನೆಯವರೆಲ್ಲ ನೂರು ವರ್ಷದಿಂದ ಹೇಳುತ್ತ ಬಂದಿದ್ದರು. ಬೀದಿಯ ಕೊನೆಯ ಮನೆಗೆ ತಗಡು ಬಡಿದು, ಕಾಯಿಲೆಯವರನ್ನು ವಾಹನಕ್ಕೆ ಹತ್ತಿಸಿಕೊಂಡು ಹೋದ ಸಂಜೆ ಅಜ್ಜಿ ತಾನಾಗಿಯೇ ಮಾತು ತೆಗೆದಳು.

“ಕೆಲಸಕ್ಕಲ್ಲ ಬಂದದ್ದು. ಇಲಿ ಬಿದ್ದುವಂತೆ. ಊರ ಹೊರಗೆ ಗುಡಿಸಲು ಹಾಕ್ಕೊಂಡಿದ್ದರು. ಅಲ್ಲಿ ಒಬ್ಬಾಕೆಗೆ ಕಂಕುಳಲ್ಲಿ ಗಡ್ಡೆ ಎದ್ದಿತು. ಮುತ್ತಜ್ಜನ ತಂಗಿ, ಗಂಡ ಸತ್ತು ತೌರಿಗೆ ಬಂದಿದ್ದೋಳು. ಒಂದು ಗಡಿಗೆ ನೀರು, ನಾಕು ಮುದ್ದೆ ಇಟ್ಟು, ಬೆಳಗಿನ ಜಾವ ಎಲ್ಲಾ ಹೊರಟುಬಂದರು. ನಮ್ಮತ್ತೆ ಸಾಯೋ ಮುಂಚೆ ನಂಗೆ ಹೇಳಿದ್ದು.”

ಮಹಾಲಯದ ಅಮಾವಾಸ್ಯೆಗೆ ಆ ಮನೆಯಲ್ಲಿ ಹಿರಿಯರ ಎಡೆಗಳ ಸಾಲಿನ ತುದಿಗೆ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಯಾರಿಗೆಂದು ಚಿಕ್ಕಂದಿನಲ್ಲಿ ಕೇಳಿದಾಗ ‘ದಾರಿಹೋಕರಿಗೆ’ ಎಂದು ಅಜ್ಜಿ ಹೇಳಿದ್ದು ಹುಡುಗನಿಗೆ ನೆನಪಾಯಿತು.

“ಹೆಸರೇನಜ್ಜಿ?”

“ಅತ್ತೆ ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಓಡಿಬಂದವರನ್ನು ಇಂದು ಕುಳಿತು ದೂರುವುದು ಸುಲಭ. ಮದ್ದಿಲ್ಲದ ಕಾಲ; ಸೊಂಟದ ಮೇಲೆ ಕೂಸು. ಅಂದು ಅವರು ನಡೆಯದಿದ್ದರೆ ಕಾಗದ ಹಾಸಿಕೊಂಡು ಕೂರಲು ಈ ಹುಡುಗನೇ ಇರುತ್ತಿರಲಿಲ್ಲವೋ ಏನೋ. ಆ ಕಾಲದ ಹಳ್ಳಿಗಳ ಮರಣದ ಲೆಕ್ಕವನ್ನು ಕರಣಂ ಬರೆದಿಡುತ್ತಿದ್ದನೆಂದು ಯಾರೋ ಫೋನಿನಲ್ಲಿ ತಿಳಿಸಿದರು. ಗಡಿ ತೆರೆದ ಮೇಲೆ ಹೋಗಿ ನೋಡಬೇಕೆಂದು ಅವನು ಗುರುತು ಹಾಕಿಕೊಂಡ. ವಂಶವೃಕ್ಷದಲ್ಲಿ ಮುತ್ತಜ್ಜನ ಪಕ್ಕಕ್ಕೆ ಒಂದು ಗೆರೆ ಎಳೆದು, ಅದರ ತುದಿಗೆ ಖಾಲಿ ಮನೆಯೊಂದನ್ನು ಬಿಟ್ಟ.

ಆ ವರ್ಷ ಸೆಪ್ಟೆಂಬರ್ ೧೭ರಂದು ಮಹಾಲಯದ ಅಮಾವಾಸ್ಯೆ ಬಂತು. ನೆಂಟರಿಲ್ಲ, ಇಷ್ಟರಿಲ್ಲ, ಮನೆಯವರಷ್ಟೇ. ಸೊಸೆ ವಾಡಿಕೆಯಂತೆ ಆ ಎಲೆಯನ್ನು ತುದಿಗೆ ಹಾಕಹೋದಳು. ಅಜ್ಜಿ ಗೋಡೆ ಹಿಡಿದು ಎದ್ದುಬಂದು, ಎಲೆಯನ್ನು ತೆಗೆದು, ಸಾಲಿನ ಮೊದಲಿಗೆ ಹಾಕಿದಳು.