ರಾತ್ರಿಗೆ ಏನ್ ಮಾಡೂದು?

ಧಾರವಾಡದ ನಮ್ಮ ಮನೆಯಲ್ಲಿ ಅದು 'ರಾತ್ರಿಗೆ ಏನ್ ಮಾಡೂದು?' ಮದುವೆಯಾಗಿ ನಾಸಿಕ್‌ಗೆ ಬಂದ ಮೇಲೆ ಅದೇ ಪ್ರಶ್ನೆ 'ಸಂಧ್ಯಾಕಾಳಿ ಕಾಯ್ ಕರಾಯ್ಚಂ?' ಆಯಿತು. ಅನುವಾದಕಿಗೆ ಇಷ್ಟು ಸಲೀಸಾಗಿ ದಾಟುವ ವಾಕ್ಯಗಳು ಸಿಗುವುದು ಅಪರೂಪ. ಪದಕ್ಕೆ ಪದ ಕೂಡುವುದಷ್ಟೇ ಅಲ್ಲ, ಎರಡರಲ್ಲೂ ಇಲ್ಲದಿರುವುದೂ ಒಂದೇ. ವಾಕ್ಯಕ್ಕೆ ಕರ್ತೃವಿಲ್ಲ.

ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ಕರ್ತೃವನ್ನು ತನ್ನ ಬಾಲಕ್ಕೇ ಕಟ್ಟಿಕೊಂಡು ಓಡಾಡುತ್ತದೆ. ಮಾಡ್ತೀನಿ, ಮಾಡ್ತಿ, ಮಾಡ್ತಾರ ಅಂದರೆ ಸಾಕು, ಯಾರು ಅಂತ ಬೇರೆ ಹೇಳಬೇಕಾಗಿಲ್ಲ. 'ಮಾಡೂದು' ಅಂದಕೂಡಲೇ ಆ ಬಾಲ ಉದುರಿಹೋಗುತ್ತದೆ. ಮರಾಠಿಯ 'ಕರಾಯ್ಚಂ' ಕೂಡ ಹಾಗೆಯೇ. ಯಾರು ಮಾಡೋದು ಎಂಬುದು ವ್ಯಾಕರಣದಿಂದ ಜಾರಿ ಮನೆಯ ಸಾಮಾನ್ಯಜ್ಞಾನಕ್ಕೆ ಸೇರಿಹೋಗುತ್ತದೆ. ಪ್ರಶ್ನೆ ಕೇಳುವವರಿಗೆ ಉತ್ತರ ಗೊತ್ತಿರುತ್ತದೆ, ಕೇಳಿಸಿಕೊಳ್ಳುವವಳಿಗಂತೂ ಮೊದಲೇ ಗೊತ್ತು.

ಇದಕ್ಕೆ ಮದ್ದು ಎಂದು ಎಲ್ಲರೂ ಹೇಳುವುದು ವಾರದ ಮೆನು. ಭಾನುವಾರ ಕೂತು ಏಳು ರಾತ್ರಿಯ ಊಟ ಬರೆದು ಫ್ರಿಜ್ಜಿಗೆ ಅಂಟಿಸಿ, ದಿನಾ ಸಂಜೆಯ ತಲೆಬಿಸಿ ಮುಗಿಯುತ್ತದೆ ಅಂತ. ನನ್ನ ತಕರಾರು ಇರುವುದು ಇಲ್ಲಿ. ಬರೆಯುವುದು ಸರಿಯೇ, ಆದರೆ ನಾವು ಬರೆಯುವುದು ತಪ್ಪು ಸಂಗತಿಯನ್ನು. ಸೋಮವಾರ ಪಿಠಲೆ, ಮಂಗಳವಾರ ಖಿಚಡಿ, ಬುಧವಾರ ಉಸಳ್ ಎಂದು ತಿನಿಸುಗಳ ಹೆಸರು ಬರೆದರೆ ಅದು ಹೋಟೆಲಿನ ಬೋರ್ಡು. ಬೋರ್ಡಿನ ಹಿಂದೆ ಅಡುಗೆಯವರು ಇರುತ್ತಾರೆ ಎಂಬ ನಂಬಿಕೆಯ ಮೇಲೆ ಬರೆದದ್ದು.

ಬುಧವಾರದ ಉಸಳನ್ನೇ ತೆಗೆದುಕೊಳ್ಳಿ. ಮಿಸಳ್ ತಿನ್ನಲು ಜನ ನಾಸಿಕ್‌ಗೆ ಬರುತ್ತಾರೆ, ಮನೆಯಲ್ಲಿ ನಾವು ಮಾಡುವುದು ಅದರ ಬಡ ತಂಗಿ. ಮಡಿಕೆ ಕಾಳನ್ನು ಸೋಮವಾರ ರಾತ್ರಿ ನೆನೆಹಾಕಬೇಕು, ಮಂಗಳವಾರ ಬೆಳಿಗ್ಗೆ ಸೋಸಿ ಬಟ್ಟೆಯಲ್ಲಿ ಕಟ್ಟಿಡಬೇಕು, ಬುಧವಾರದ ಹೊತ್ತಿಗೆ ಮೊಳಕೆ. ಅಂದರೆ ಬುಧವಾರದ ಊಟ ಶುರುವಾಗುವುದು ಸೋಮವಾರ, ಎಲ್ಲರೂ ಪಿಠಲೆ ಉಂಡು ಕೈತೊಳೆದು ಎದ್ದ ಮೇಲೆ. ಡಿಸೆಂಬರಿನಲ್ಲಿ ಮೊಳಕೆಗೆ ಇನ್ನೂ ಅರ್ಧ ದಿನ ಬೇಕು. ಪಕ್ಕದ ನಿಫಾಡ ತಾಲೂಕಿನಲ್ಲಿ ಚಳಿಗಾಲದ ತಾಪಮಾನ ಎಷ್ಟೋ ಸಲ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ನಮ್ಮಲ್ಲೂ ದೋಸೆ ಹಿಟ್ಟು ಹುಳಿಯೇಳದೆ ಮಂಕಾಗಿ ಕೂತಿರುತ್ತದೆ. ಬಾಜರಿ ಹಿಟ್ಟು ಬೇಗ ಕಹಿಯಾಗುವುದರಿಂದ ಗಿರಣಿಗೆ ಸ್ವಲ್ಪಸ್ವಲ್ಪವೇ ಒಯ್ಯಬೇಕು. ಸಂಕಷ್ಟಿಯ ದಿನ ಊಟ ಚಂದ್ರೋದಯದ ಮೇಲೆ. ನನ್ನ ಗಂಡ ಸಾತ್‌ಪುರದ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುತ್ತಾನೆ. ಒಂದು ವಾರ ಮೊದಲ ಪಾಳಿ, ಇನ್ನೊಂದು ವಾರ ಎರಡನೆಯದು. ಎರಡನೇ ಪಾಳಿಯ ವಾರದಲ್ಲಿ ನಾನೂ ಮಗಳೂ ಎಂಟಕ್ಕೆ ಉಣ್ಣುತ್ತೇವೆ, ಅವನು ನಡುರಾತ್ರಿ. ಆಗ ಮಾಡುವ ಅಡುಗೆ ನಾಲ್ಕು ಗಂಟೆ ಕೂತರೂ ಕೆಡದಂಥದ್ದಾಗಿರಬೇಕು. ಮೆನು ಎಂಬ ಕಾಗದದಲ್ಲಿ ಇವ್ಯಾವುದೂ ಕಾಣುವುದಿಲ್ಲ.

ಇನ್ನು ಅತ್ತೆಯ ಮನೆ. ಅದು ಛತ್ರಪತಿ ಸಂಭಾಜಿನಗರದಲ್ಲಿ, ರೈಲಿನಲ್ಲಿ ಇಲ್ಲಿಂದ ಸುಮಾರು ಮೂರು ಗಂಟೆ. ಎರಡೂ ಊರು ಕುಡಿಯುವುದು ಗೋದಾವರಿಯನ್ನೇ. ನಮಗೆ ಮೇಲಿನ ಗಂಗಾಪುರ ಅಣೆಕಟ್ಟೆಯಿಂದ, ಅವರಿಗೆ ಕೆಳಗೆ ಪೈಠಣದ ಜಾಯಕವಾಡಿಯಿಂದ. ಮಳೆ ಕಡಿಮೆಯಾದ ವರ್ಷ ಮೇಲಿನವರು ಕೆಳಗಿನವರಿಗೆ ನೀರು ಬಿಡಬೇಕೋ ಬೇಡವೋ ಎಂಬ ಜಗಳ ಕೋರ್ಟಿನವರೆಗೂ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಜಗಳ ದೀಪಾವಳಿಗೆ ಫರಾಳದ ತಟ್ಟೆಯ ಸುತ್ತ ನಡೆಯುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ನಲ್ಲಿಯ ಸಂಗತಿ. ಅಲ್ಲಿನ ಎಷ್ಟೋ ಬಡಾವಣೆಗಳಲ್ಲಿ ವರ್ಷಗಳಿಂದ ನಲ್ಲಿ ನೀರು ಬರುವುದು ಹಲವು ದಿನಗಳಿಗೊಮ್ಮೆ. ಹಾಗಾಗಿ ಅತ್ತೆಯ ವಾರ ಸೋಮವಾರದಿಂದ ಶುರುವಾಗುವುದಿಲ್ಲ, ನೀರು ಬಂದ ದಿನದಿಂದ ಶುರುವಾಗುತ್ತದೆ. ನೀರು ಬಂದ ರಾತ್ರಿ ತುಂಬುಗಾಯಿ ಬದನೆ, ಜೊತೆಗೆ ಕಟಾಚಿ ಆಮಟಿ, ಒಂದು ಕೋಸಂಬರಿ, ಪಾತ್ರೆಗಳ ರಾಶಿ. ಮೂರನೆಯ ದಿನಕ್ಕೆ ಸೊಪ್ಪು ನಿಲ್ಲುತ್ತದೆ, ಏಕೆಂದರೆ ಮೆಂತ್ಯ ಸೊಪ್ಪಿನ ಮಣ್ಣು ತೆಗೆಯಲು ಮೂರು ನೀರು ಬೇಕು. ಕೊನೆಕೊನೆಗೆ ಜೋಳದ ಭಾಕರಿ, ಹಸಿಮೆಣಸಿನಕಾಯಿ ಠೇಚಾ, ಮೊಸರು. ಒಂದು ಪರಾತ, ಒಂದು ಹೆಂಚು, ಅಷ್ಟರಲ್ಲೇ ಊಟ. ನಾನು ಓದಿರುವ ಯಾವ ಅಡುಗೆ ಪುಸ್ತಕವೂ ಒಂದು ತಿನಿಸಿಗೆ ಎಷ್ಟು ಪಾತ್ರೆ ಮುಸುರೆಯಾಗುತ್ತದೆ ಎಂದು ಬರೆದಿಲ್ಲ. ಅತ್ತೆಗೆ ಅದು ಬಾಯಿಪಾಠ.

ಕಳೆದ ವರ್ಷ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಒಲೆಯ ಮುಂದೆ ನಿಲ್ಲಬಾರದೆಂದು ಡಾಕ್ಟರು ಹೇಳಿದರು. ಮಾವ ಮತ್ತು ಮೈದುನ ಅಡುಗೆ ವಹಿಸಿಕೊಂಡರು. ಕೆಟ್ಟದಾಗೇನೂ ಮಾಡಲಿಲ್ಲ, ಮೈದುನನ ಖಿಚಡಿ ನನ್ನದಕ್ಕಿಂತ ಚೆನ್ನಾಗಿರುತ್ತದೆ. ನಾನು ಅಲ್ಲಿದ್ದ ನಾಲ್ಕು ದಿನ ನೋಡಿದ್ದು ಬೇರೆ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಮಲಗಿದವರ ಕಡೆಗೆ ಹತ್ತು ನಿಮಿಷಕ್ಕೊಂದು ಪ್ರಶ್ನೆ ಹೋಗುತ್ತಿತ್ತು. ತೊಗರಿಬೇಳೆ ಯಾವ ಡಬ್ಬಿ? ಇವತ್ತು ಏನು ಮಾಡೋದು? ಎಷ್ಟು ಮಾಡೋದು? ಕುಡಿಯುವ ನೀರು ಯಾವ ಹಂಡೆ, ಬಳಸುವ ನೀರು ಯಾವುದು? ನಾಳೆಗೆ ಏನಾದರೂ ನೆನೆಹಾಕಬೇಕಾ? ಅವರು ಕಣ್ಣುಮುಚ್ಚಿಕೊಂಡೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ಕೈಗೆ ರಜೆ ಸಿಕ್ಕಿತ್ತು, ತಲೆಗೆ ಸಿಕ್ಕಿರಲಿಲ್ಲ. ಆ ಮನೆಯ ಗಂಡಸರು ಹತ್ತು ದಿನ ಅಡುಗೆ ಮಾಡಿದರೆಂದು ಬಂಧುಗಳೆಲ್ಲ ಹೊಗಳಿದರು, ಹೊಗಳಲಿ. ಆದರೆ ಹತ್ತೂ ದಿನ ಅಡುಗೆಯನ್ನು ನಡೆಸಿದ್ದು ಮಂಚದ ಮೇಲಿದ್ದವರು.

2019ರಲ್ಲಿ ಆಲಿಸನ್ ಡ್ಯಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ 35 ದಂಪತಿಗಳನ್ನು ಮಾತಾಡಿಸಿ ಒಂದು ಪ್ರಬಂಧ ಬರೆದರು. ಮನೆಗೆಲಸದ ಯೋಚನೆಯ ಭಾಗವನ್ನು ಅವರು ನಾಲ್ಕಾಗಿ ಬಿಡಿಸುತ್ತಾರೆ: ಮುಂದೇನು ಬೇಕಾಗುತ್ತದೆಂದು ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ತೀರ್ಮಾನವನ್ನು ಗಂಡ ಹೆಂಡತಿ ಹೆಚ್ಚುಕಡಿಮೆ ಸೇರಿಯೇ ಮಾಡುತ್ತಾರೆ, ಊಹಿಸುವುದು ಮತ್ತು ಕಣ್ಣಿಡುವುದು ಹೆಚ್ಚಾಗಿ ಹೆಂಡತಿಯ ಪಾಲು. ಅಮೆರಿಕದ ಅಡುಗೆಮನೆ ಬೇರೆ, ಒಪ್ಪುತ್ತೇನೆ. ಆದರೂ 'ಏನಾದರೂ ಮಾಡು, ನನಗೆ ನಡೆಯುತ್ತದೆ' ಎಂಬ ಔದಾರ್ಯ ಯಾವ ಖಾನೆಗೆ ಸೇರುತ್ತದೆಂದು ಇದನ್ನು ಓದಿದ ಮೇಲೆ ನನಗೆ ಸ್ಪಷ್ಟವಾಯಿತು. ಅದು ತೀರ್ಮಾನದಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟಂತೆ ಕಾಣುತ್ತದೆ, ಉಳಿದ ಮೂರನ್ನು ಸದ್ದಿಲ್ಲದೆ ದಾಟಿಸುತ್ತದೆ.

ನಮ್ಮ ದೇಶದ ಲೆಕ್ಕವೂ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 289 ನಿಮಿಷ, ಗಂಡಸರು 88. ಸಮೀಕ್ಷೆಯವರು ದಿನವನ್ನು ಅರ್ಧರ್ಧ ಗಂಟೆಯ ಖಾನೆಗಳಾಗಿ ಮಾಡಿ ಕೇಳುತ್ತಾರೆ. ಆಟೋದಲ್ಲಿ ಕೂತು ಮಡಿಕೆ ಕಾಳು ನೆನೆಹಾಕಿದೆನೇ ಎಂದು ನೆನೆದದ್ದು ಯಾವ ಅರ್ಧ ಗಂಟೆಗೂ ಸೇರುವುದಿಲ್ಲ. ನನ್ನ ಕಸುಬಿನಲ್ಲಿ ದುಡ್ಡು ಪದದ ಲೆಕ್ಕದಲ್ಲಿ ಬರುತ್ತದೆ, ಕೂತು ಕೆಲಸ ಮಾಡುವುದು ಮನೆಯಲ್ಲಿ. ಸಂಜೆ ಐದಕ್ಕೆ ಒಂದು ಉದ್ದನೆಯ ವಾಕ್ಯದ ನಡುವೆ ಇದ್ದಾಗ ರಾತ್ರಿಯ ಪ್ರಶ್ನೆ ಬಂದರೆ ಆ ವಾಕ್ಯವನ್ನು ಮತ್ತೆ ಮೊದಲಿಂದ ಕಟ್ಟಬೇಕು. 'ನೀನು ಮನೆಯಲ್ಲೇ ಇರ್ತೀಯಲ್ಲ' ಎಂಬ ಮಾತಿನ ಬೆಲೆ ನನಗೆ ರೂಪಾಯಿ ಪೈಸೆಯಲ್ಲಿ ಗೊತ್ತು.

ಹಾಗಾಗಿ ನಾಸಿಕ್‌ನ ನಮ್ಮ ಫ್ರಿಜ್ಜಿನ ಮೇಲಿರುವ ಹಾಳೆಯಲ್ಲಿ ತಿನಿಸಿನ ಹೆಸರಿಗೆ ಕೊನೆಯ ಜಾಗ. ಮೊದಲ ಸಾಲಿನಲ್ಲಿ ಇರುವುದು ಮನುಷ್ಯರ ಹೆಸರು. ಎರಡನೆಯದರಲ್ಲಿ ಹಿಂದಿನ ರಾತ್ರಿ ಅಥವಾ ಅದಕ್ಕೂ ಹಿಂದೆ ಆಗಬೇಕಾದ ಕೆಲಸ. ಹೆಸರಿದ್ದವರೇ ಆ ದಿನ ಏನೆಂದು ಯೋಚಿಸಬೇಕು, ತರಬೇಕು, ನೆನೆಹಾಕಬೇಕು, ಮಾಡಬೇಕು. ನಿಯಮ ಒಂದೇ: ಆ ದಿನ ಇನ್ನೊಬ್ಬರನ್ನು ಏನೂ ಕೇಳುವಂತಿಲ್ಲ. ಗಂಡ ಮೊದಲ ಪಾಳಿಯ ವಾರದಲ್ಲಿ ಮೂರು ರಾತ್ರಿ, ಎರಡನೇ ಪಾಳಿಯಲ್ಲಿ ರಜೆಯ ದಿನ ಮತ್ತು ಎಲ್ಲ ನೆನೆಹಾಕುವ ಕೆಲಸ, ಹೇಗೂ ನಡುರಾತ್ರಿ ಎಚ್ಚರವಿರುತ್ತಾನಲ್ಲ. ಬರೆಯುವುದು ಐದು ರಾತ್ರಿಗೆ ಮಾತ್ರ. ಶನಿವಾರ ಉಳಿದದ್ದು, ಭಾನುವಾರ ಖಾಲಿ. ಏಳನ್ನೂ ತುಂಬಿದ ಹಾಳೆ ಬುಧವಾರಕ್ಕೇ ಸುಳ್ಳಾಗುತ್ತದೆ, ಸುಳ್ಳಾದ ಹಾಳೆಯನ್ನು ಯಾರೂ ನೋಡುವುದಿಲ್ಲ.

ಅತ್ತೆಗೆ ಇದು ಹಿಡಿಸಿಲ್ಲ. ಮನೆಯೇನು ಮೆಸ್ಸೇ ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ಮಗನ ಮುಖ ನೋಡಿ ಅವತ್ತಿನ ಸಾರಿಗೆ ಖಾರ ಕಡಿಮೆ ಮಾಡುವುದು, ಸಂತೆಯಲ್ಲಿ ಎಳೆ ಬದನೆ ಕಂಡಕೂಡಲೇ ರಾತ್ರಿಯ ಊಟ ಬದಲಿಸುವುದು ಹಾಳೆಯಿಂದ ಆಗುವ ಕೆಲಸವಲ್ಲ. ನಲವತ್ತು ವರ್ಷ ಅವರು ಆ ಮನೆಯಲ್ಲಿ ಗಳಿಸಿದ ಅಧಿಕಾರ ಅದೊಂದೇ, ಅದನ್ನು ಕಾಲಂ ಗೆರೆ ಎಳೆದು ಹಂಚು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾನು ವಾದಿಸುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದ್ದೇನೆ, ಇನ್ನೊಂದು ಕಣ್ಣಿನ ಪೊರೆ ತೆಗೆಸುವಾಗ ಹಂಡೆಗಳ ಲೆಕ್ಕ ಯಾರು ಇಡುತ್ತಾರೆ ಎಂದು.

ಉತ್ತರವನ್ನು ಕೊಟ್ಟದ್ದು ಮೈದುನ. ಅವರ ಅಡುಗೆಮನೆಯ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಮೊದಲಿಂದಲೂ ಇರುತ್ತಿದ್ದವು. ಈಗ ನೀರು ಬಂದ ದಿನಕ್ಕೆ ಅವನು ನೀಲಿ ಪೆನ್ನಿನಿಂದ ಗುಂಡು ಸುತ್ತುತ್ತಾನೆ, ಮುಂದಿನ ಎರಡು ಚೌಕಗಳಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆಯುತ್ತಾನೆ. ಮಾವನ ಅಕ್ಷರ ಇನ್ನೂ ಯಾವ ಚೌಕದಲ್ಲೂ ಬಂದಿಲ್ಲ.