ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು ಸ್ಕ್ರಿಪ್ಟ್ ಏಕೆ?

ಪುಣೆಯ ಐಟಿ ಕಂಪನಿಗಳ ಟೆಸ್ಟಿಂಗ್ ವಿಭಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ಕನ್ನಡ ಕಿವಿಗೆ ಬೀಳದೇ ಇರುವುದಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಕಾತ್ರಜ. ಎಂಜಿನಿಯರಿಂಗ್ ಮುಗಿಸಿ ಬಂದವರಲ್ಲಿ ಬಹಳ ಮಂದಿಗೆ ಮೊದಲು ಸಿಗುವುದು ಮ್ಯಾನುವಲ್ ಟೆಸ್ಟಿಂಗ್ ಕೆಲಸ. ಪರದೆ ನೋಡಿ ಬಟನ್ ಒತ್ತುವುದು, ಎಕ್ಸೆಲ್‌ನಲ್ಲಿ ಪಾಸ್–ಫೇಲ್ ಬರೆಯುವುದು. ಪ್ರಾಜೆಕ್ಟ್ ಮುಗಿದಾಗ ಮೊದಲು ಹೊರಬೀಳುವವರೂ ಇವರೇ.

ಅಲ್ಲಿಂದ ಮೇಲೆ ಹತ್ತಲು ಇರುವ ಮೆಟ್ಟಿಲು ಆಟೊಮೇಷನ್. ಆ ಮೆಟ್ಟಿಲು ಎಷ್ಟು ಎತ್ತರವಿರಬೇಕು ಎಂಬುದನ್ನು, ಇವರನ್ನು ಒಂದು ಮಾತೂ ಕೇಳದೆ, ಬೇರೆ ಯಾರೋ ಎಂದೋ ನಿರ್ಧರಿಸಿರುತ್ತಾರೆ. ಬಿಲ್ಡ್ ಮತ್ತು ಟೆಸ್ಟ್ ಸ್ಕ್ರಿಪ್ಟ್‌ಗಳನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ನಿರ್ಧಾರ ಅದು. ತಂಡದಲ್ಲಿ ತೀರಾ ಹೊಸಬರು ಓದಿ ತಿದ್ದಬಲ್ಲ ಒಂದೇ ಭಾಷೆಯನ್ನು ಆರಿಸಬೇಕು, ಎಲ್ಲ ಪ್ಲಾಟ್‌ಫಾರ್ಮ್‌ಗೂ ಅದೊಂದನ್ನೇ ಬಳಸಬೇಕು ಎಂಬುದು ನನ್ನ ವಾದ. ಇವತ್ತಿನ ಮಟ್ಟಿಗೆ ಅದು ಪೈಥಾನ್.

ಹಿಂಜವಡಿಯಲ್ಲಿ ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ವಿಂಡೋಸ್‌ಗೆ ಬ್ಯಾಚ್ ಫೈಲ್, ಲಿನಕ್ಸ್‌ಗೆ ಬ್ಯಾಶ್ ಸ್ಕ್ರಿಪ್ಟ್ ಎಂದು ಎರಡು ಸಂಸಾರ ಇದ್ದವು. ಮಾಡುವ ಕೆಲಸ ಎರಡರದೂ ಒಂದೇ: ಕೋಡ್ ತರುವುದು, ಕಂಪೈಲ್ ಮಾಡುವುದು, ಟೆಸ್ಟ್ ಓಡಿಸುವುದು. ಬರೆದವರು ಬೇರೆ, ತಿದ್ದಿದವರು ಬೇರೆ. ಗದಗದಿಂದ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಮೂರನೇ ವಾರದಲ್ಲಿ ಕೇಳಿದಳು: ‘ಸರ್, ಲಿನಕ್ಸ್‌ನ್ಯಾಗ ನಲವತ್ತು ನಿಮಿಷ ಆಗೋದು ವಿಂಡೋಸ್‌ನ್ಯಾಗ ಏಳು ನಿಮಿಷದಾಗ ಹ್ಯಾಂಗ್ ಮುಗಿತೈತ್ರಿ?’ ವರದಿಯಲ್ಲಿ ಎರಡೂ ಕಡೆ ಹಸಿರು ಬಣ್ಣ ಇದ್ದುದರಿಂದ ಅಲ್ಲಿಯವರೆಗೆ ಯಾರೂ ಸಮಯ ನೋಡಿರಲಿಲ್ಲ. ತೆರೆದು ನೋಡಿದರೆ ವಿಂಡೋಸ್‌ನಲ್ಲಿ ಟೆಸ್ಟ್‌ಗಳು ಓಡುತ್ತಲೇ ಇರಲಿಲ್ಲ. ಒಂದು ಬ್ಯಾಚ್ ಫೈಲಿನಿಂದ ಇನ್ನೊಂದು ಬ್ಯಾಚ್ ಫೈಲನ್ನು ಓಡಿಸುವಾಗ ಮುಂದೆ ‘ಕಾಲ್’ ಎಂದು ಬರೆಯದಿದ್ದರೆ ನಿಯಂತ್ರಣ ಅತ್ತ ಹೋದದ್ದು ಮರಳಿ ಬರುವುದಿಲ್ಲ. ಉಳಿದ ಸಾಲುಗಳು ಅಲ್ಲೇ ಅನಾಥ. ದೋಷದ ಸಂದೇಶವೂ ಬರುವುದಿಲ್ಲ. ಯಾರೋ ಸೇರಿಸಿದ ಒಂದು ಸಾಲಿನಲ್ಲಿ ಆ ಪದ ಬಿಟ್ಟುಹೋಗಿತ್ತು, ಅಷ್ಟೇ. ಆ ವಾರಗಳಲ್ಲಿ ಗ್ರಾಹಕರಿಗೆ ಹೋದದ್ದು ಪರೀಕ್ಷೆಯನ್ನೇ ಕಾಣದ ತಂತ್ರಾಂಶ.

ಹಾಗಾದರೆ ಬ್ಯಾಚ್ ಬಿಟ್ಟು ಎಲ್ಲ ಕಡೆ ಬ್ಯಾಶ್ ಬಳಸಬಹುದಲ್ಲ, ಗಿಟ್ ಜೊತೆಗೆ ಅದು ವಿಂಡೋಸ್‌ಗೂ ಬರುತ್ತದಲ್ಲ ಎಂದು ಹಿರಿಯರು ಕೇಳುತ್ತಾರೆ. ಬ್ಯಾಶ್ ಒಂದೇ ಎಂದುಕೊಳ್ಳುವುದೇ ಭ್ರಮೆ. ಮ್ಯಾಕ್ ಜೊತೆಗೆ ಬರುವ ಬ್ಯಾಶ್ ಇನ್ನೂ 3.2ನೇ ಆವೃತ್ತಿಯದು. ಅದರ ನಂತರದ ಆವೃತ್ತಿಗಳು ಜಿಪಿಎಲ್ 3ನೇ ಪರವಾನಗಿಗೆ ಹೋದದ್ದರಿಂದ ಆಪಲ್ ಅಲ್ಲೇ ನಿಂತಿತು. 2019ರಿಂದ ಮ್ಯಾಕ್‌ನ ಡೀಫಾಲ್ಟ್ ಶೆಲ್ ಬೇರೆಯೇ. ಉಬುಂಟುವಿನಲ್ಲಿ ‘ಎಸ್‌ಎಚ್’ ಎಂದು ಕರೆದರೆ 2006ರಿಂದ ಬರುವುದು ಡ್ಯಾಶ್, ಬ್ಯಾಶ್ ಅಲ್ಲ. ಫೈಲಿನೊಳಗೇ ಪದ ಬದಲಿಸುವ ‘ಸೆಡ್’ ಆಜ್ಞೆ ಲಿನಕ್ಸ್‌ನಲ್ಲಿ ಒಂದು ಬಗೆ, ಮ್ಯಾಕ್‌ನಲ್ಲಿ ಇನ್ನೊಂದು ಬಗೆ. ಇದೆಲ್ಲಕ್ಕಿಂತ ಕೆಟ್ಟದ್ದು ಪೈಪ್. ಟೆಸ್ಟಿನ ಔಟ್‌ಪುಟ್ ಪರದೆಗೂ ಬರಲಿ, ಲಾಗ್ ಫೈಲಿಗೂ ಹೋಗಲಿ ಎಂದು ‘ಟೀ’ಗೆ ಪೈಪ್ ಹಾಕುತ್ತೇವೆ. ‘ಪೈಪ್‌ಫೇಲ್’ ಎಂದು ಮೊದಲೇ ಹೇಳಿರದಿದ್ದರೆ ಬ್ಯಾಶ್ ಕೊನೆಯ ಆಜ್ಞೆಯ ಫಲಿತಾಂಶವನ್ನಷ್ಟೇ ಒಪ್ಪಿಸುತ್ತದೆ. ಟೆಸ್ಟ್ ಬಿದ್ದಿರಲಿ, ‘ಟೀ’ ತನ್ನ ಕೆಲಸ ಮಾಡಿದೆಯಲ್ಲ, ಮತ್ತೆ ಹಸಿರು! ಇಂಥ ಗುಟ್ಟುಗಳು ಹತ್ತು ವರ್ಷ ಪಳಗಿದವರಿಗೆ ಗೊತ್ತಿರುತ್ತವೆ. ನಿನ್ನೆ ಬಂದವರಿಗೆ ಯಾರು ಹೇಳಬೇಕು?

ಪವರ್‌ಶೆಲ್ 2016ರಲ್ಲಿ ಮುಕ್ತ ತಂತ್ರಾಂಶವಾಗಿ ಲಿನಕ್ಸ್, ಮ್ಯಾಕ್‌ಗೂ ಬಂತು. ಚೆನ್ನಾಗಿಯೇ ಇದೆ, ಆದರೆ ನಾನು ಕಂಡ ಲಿನಕ್ಸ್ ತಂಡಗಳಲ್ಲಿ ಅದನ್ನು ಮನೆಯೊಳಗೆ ಬಿಟ್ಟುಕೊಂಡವರು ಕಡಿಮೆ. ಪರ್ಲ್, ಟಿಸಿಎಲ್‌ಗಳನ್ನು ಮುದುಕರ ಭಾಷೆ ಎಂದು ನಗುವುದೂ ಸರಿಯಲ್ಲ. ಪೋಸ್ಟ್‌ಗ್ರೆಸ್‌ನ ಎಷ್ಟೋ ಟೆಸ್ಟ್‌ಗಳು ಪರ್ಲ್‌ನಲ್ಲಿವೆ, ನಿಮ್ಮ ಮೊಬೈಲಿನೊಳಗಿರುವ ಎಸ್‌ಕ್ಯೂಲೈಟ್‌ನ ಟೆಸ್ಟ್‌ಗಳು ಟಿಸಿಎಲ್‌ನಲ್ಲಿವೆ. ಎಲ್‌ಎಲ್‌ವಿಎಂ ಕಂಪೈಲರ್‌ನ ಟೆಸ್ಟ್ ಓಡಿಸುವ ಸಾಧನ ಪೈಥಾನ್‌ನದು. ಭಾಷೆ ಯಾವುದಾದರೂ ಅದನ್ನು ಬಲ್ಲವರು ಅಲ್ಲಿ ಇದ್ದಾರೆ, ಹಾಗಾಗಿ ಅದು ನಡೆಯುತ್ತದೆ. ಪುಣೆಯಲ್ಲಿ ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ತಂಡಗಳಲ್ಲಿ ಪರ್ಲ್ ಬಲ್ಲವರನ್ನು ಎಲ್ಲಿಂದ ತರುವುದು? ಪೈಥಾನ್ ಆದರೆ ಕಾಲೇಜಿನಲ್ಲೇ ಒಂದಿಷ್ಟು ಕಲಿತು ಬಂದಿರುತ್ತಾರೆ.

ಪೈಥಾನ್ ಕೂಡ ಮುಗ್ಧವಲ್ಲ. ಏನೂ ಇನ್‌ಸ್ಟಾಲ್ ಮಾಡದ ವಿಂಡೋಸ್‌ನಲ್ಲಿ ‘ಪೈಥಾನ್’ ಎಂದು ಬರೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. 2023ರಲ್ಲಿ ಬಂದ 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಅನ್ನು ಕಿತ್ತುಹಾಕಿದಾಗ ಫೋಲ್ಡರ್ ಕಾಪಿ ಮಾಡಲು ಅದನ್ನು ನೆಚ್ಚಿಕೊಂಡಿದ್ದ ಸ್ಕ್ರಿಪ್ಟ್‌ಗಳು ನೆಲ ಕಚ್ಚಿದವು. ಈ ವಿಷಯದಲ್ಲಿ ಬ್ಯಾಚ್ ಫೈಲೇ ವಾಸಿ, ತೊಂಬತ್ತರ ದಶಕದ್ದು ಈಗಲೂ ಓಡೀತು. ಹೊರಗಿನ ಪ್ರೋಗ್ರಾಂ ಸೋತರೆ ಪೈಥಾನ್ ತಾನಾಗಿ ನಿಲ್ಲುವುದೂ ಇಲ್ಲ; ‘ಚೆಕ್’ ಮಾಡು ಎಂದು ನಾವೇ ಹೇಳಬೇಕು. ಆದರೆ ಆ ಮಾತನ್ನು ಒಂದು ಫಂಕ್ಷನ್‌ನಲ್ಲಿ ಒಮ್ಮೆ ಬರೆದಿಟ್ಟರೆ ಮೂರೂ ಪ್ಲಾಟ್‌ಫಾರ್ಮ್‌ಗೆ ಸಾಕು.

ನಮಗೆ ಇನ್ನೂ ಹತ್ತಿರದ ತೊಂದರೆಯೊಂದಿದೆ. ತಂತ್ರಾಂಶ ಕನ್ನಡದಲ್ಲೂ ನಡೆಯುತ್ತದೆಯೇ ಎಂದು ನೋಡಲು ಟೆಸ್ಟ್ ಡೇಟಾದಲ್ಲಿ ಕನ್ನಡ ಪದಗಳನ್ನು ಹಾಕುತ್ತೇವಲ್ಲ, ಲಿನಕ್ಸ್‌ನಲ್ಲಿ ಸಲೀಸಾಗಿ ಓಡುವ ಆ ಸ್ಕ್ರಿಪ್ಟ್ ವಿಂಡೋಸ್‌ನಲ್ಲಿ ಮುಗ್ಗರಿಸುತ್ತದೆ. ಕಾರಣ, ಎನ್‌ಕೋಡಿಂಗ್ ಯಾವುದೆಂದು ಹೇಳದೆ ಫೈಲ್ ತೆರೆದರೆ ಪೈಥಾನ್ ವಿಂಡೋಸ್‌ನ ಹಳೆಯ ಕೋಡ್ ಪೇಜನ್ನು ಬಳಸುತ್ತದೆ. ನಮ್ಮ ಕಡೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದು 1252, ಪಶ್ಚಿಮ ಯುರೋಪಿನ ಅಕ್ಷರಗಳಿಗೆಂದು ಮಾಡಿದ್ದು. ತಮಾಷೆ ನೋಡಿ, ‘ಮನೆ’ ಎಂಬ ಪದ ಕೊಟ್ಟರೆ ತಪ್ಪು ತೋರಿಸದೆ ಕಸವಾಗಿ ಓದುತ್ತದೆ, ‘ಅಮ್ಮ’ ಕೊಟ್ಟರೆ ದೋಷ ಹೇಳಿ ಬಿದ್ದುಬಿಡುತ್ತದೆ. ಅರ್ಧಾಕ್ಷರದ ಚಿಹ್ನೆಯ ಕೊನೆಯ ಬೈಟ್‌ಗೆ 1252ರಲ್ಲಿ ಜಾಗವೇ ಇಲ್ಲ. ಅಂದರೆ ಒತ್ತಕ್ಷರವಿಲ್ಲದ ಪದಗಳನ್ನೇ ಹಾಕಿದ ಟೆಸ್ಟ್‌ಗಳಲ್ಲಿ ಈ ತಪ್ಪು ಅಡಗಿ ಕೂರಬಹುದು. ಫೈಲ್ ತೆರೆಯುವಾಗಲೆಲ್ಲ ಯುಟಿಎಫ್-8 ಎಂದು ಬರೆಯುವುದೇ ಮದ್ದು. 3.15ನೇ ಆವೃತ್ತಿಯಿಂದ ಅದೇ ಡೀಫಾಲ್ಟ್ ಆಗಬೇಕೆಂದು ತೀರ್ಮಾನವಾಗಿದೆ. ಇದೇ ಪುಣೆಯಲ್ಲಿ 1988ರಲ್ಲಿ ಶುರುವಾದ ಸಿ-ಡ್ಯಾಕ್, ಭಾರತದ ಲಿಪಿಗಳನ್ನು ಕಂಪ್ಯೂಟರಿಗೆ ತರಲು ದುಡಿದ ಸಂಸ್ಥೆ. ಇಷ್ಟು ವರ್ಷಗಳ ಮೇಲೂ ಕನ್ನಡವಿರುವ ಟೆಸ್ಟ್ ಡೇಟಾವನ್ನು ಹೆಚ್ಚಿನ ಕೆಲಸ ಎಂದುಕೊಳ್ಳುವ ಮ್ಯಾನೇಜರ್‌ಗಳು ಈ ಊರಿನಲ್ಲಿ ಇದ್ದಾರೆ. ಕನ್ನಡ ಬಲ್ಲ ಟೆಸ್ಟರ್ ಅದನ್ನು ಸ್ಕ್ರಿಪ್ಟ್‌ಗೆ ತಾನೇ ಸೇರಿಸಬಲ್ಲಳಾದರೆ ಅವರ ಒಪ್ಪಿಗೆಗೆ ಕಾಯಬೇಕಾಗಿಲ್ಲ.

ನಾನು ಇರುವ ಕಾತ್ರಜದ ಕೆರೆಯಿಂದ ಊರೊಳಗಿನ ತೊಟ್ಟಿಗಳಿಗೆ, ಶನಿವಾರವಾಡಕ್ಕೆ ನೀರು ಒಯ್ಯಲು 18ನೇ ಶತಮಾನದ ನಡುವೆ ನಾನಾಸಾಹೇಬ ಪೇಶ್ವೆ ನೆಲದಡಿ ಕಾಲುವೆ ಕಟ್ಟಿಸಿದ. ಅದರ ದಾರಿಯುದ್ದಕ್ಕೂ ಅಲ್ಲಲ್ಲಿ ಬಾಯಿ ಬಿಟ್ಟಿದ್ದಾರೆ. ಮರಾಠಿಯಲ್ಲಿ ಅದಕ್ಕೆ ಉಚ್ಛ್ವಾಸ ಎನ್ನುತ್ತಾರೆ. ಬಿಲ್ಡ್ ಸ್ಕ್ರಿಪ್ಟ್‌ಗೂ ಇಂಥ ಬಾಯಿಗಳು ಬೇಕು. ಯಾವ ಹೆಜ್ಜೆ ಶುರುವಾಯಿತು, ಎಷ್ಟು ಟೆಸ್ಟ್ ಓಡಿದವು, ಎಷ್ಟು ಹೊತ್ತು ಹಿಡಿಯಿತು ಎಂದು ಪ್ರತಿ ಹೆಜ್ಜೆಗೂ ಒಂದು ಸಾಲು ಬರೆಯಲಿ. ಓಡಿದ ಟೆಸ್ಟ್‌ಗಳ ಸಂಖ್ಯೆ ಸೊನ್ನೆಯಾದರೆ ಬಿಲ್ಡ್ ಕೆಂಪಾಗಲಿ. ಈ ಒಂದು ನಿಯಮ ಇದ್ದಿದ್ದರೆ ಆ ಏಳು ನಿಮಿಷದ ಗುಟ್ಟು ಮೊದಲ ದಿನವೇ ಬಯಲಾಗುತ್ತಿತ್ತು.

ಬದಲಾಯಿಸುವುದಾದರೆ ಎಲ್ಲವನ್ನೂ ಒಂದೇ ಏಟಿಗೆ ಹೊಸದಾಗಿ ಬರೆಯಲು ಹೋಗಬೇಡಿ. ಮೊದಲು ಟೆಸ್ಟ್ ಓಡಿಸುವ ಭಾಗ, ಆಮೇಲೆ ಪ್ಯಾಕೇಜಿಂಗ್, ಕಂಪೈಲ್ ಮಾಡುವುದನ್ನು ಸಿಮೇಕ್‌ಗೇ ಬಿಡಿ. ಹೊರಗಿನ ಲೈಬ್ರರಿಗಳನ್ನು ಎಳೆದುಕೊಳ್ಳಬೇಡಿ, ಪೈಥಾನ್ ಜೊತೆಗೆ ಬರುವುದರಲ್ಲೇ ಫೋಲ್ಡರ್ ದಾರಿ ಜೋಡಿಸುವುದರಿಂದ ಹಿಡಿದು ಜಿಪ್ ಮಾಡುವವರೆಗೆ ಎಲ್ಲ ಇದೆ. ಹಳೆಯ ಬ್ಯಾಚ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿಯೇ ರೂಢಿಯಾದವರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರಿಗಾಗಿ ಆ ಫೈಲನ್ನು ಅಲ್ಲೇ ಇಡಿ, ಒಳಗೆ ಪೈಥಾನ್ ಸ್ಕ್ರಿಪ್ಟನ್ನು ಓಡಿಸುವ ಒಂದೇ ಸಾಲು ಇರಲಿ.