ಪೂರಾ ಅಂಕ ಕೊಟ್ಟು ಎದ್ದು ಬಂದೆ

ಥೆರಪಿಸ್ಟ್ ಮತ್ತು ಕ್ಲೈಂಟ್ ನಡುವಿನ ನಂಟು ಎಷ್ಟು ಗಟ್ಟಿ ಅಂತ ಅಳೆಯೋಕೆ ಒಂದು ಪ್ರಶ್ನಾವಳಿ ಇದೆ: ವರ್ಕಿಂಗ್ ಅಲಯನ್ಸ್ ಇನ್ವೆಂಟರಿ. ಗುರಿಯಲ್ಲಿ ಒಪ್ಪಿಗೆ, ಮಾಡೋ ಕೆಲಸದಲ್ಲಿ ಒಪ್ಪಿಗೆ, ಇಬ್ಬರ ನಡುವಿನ ಬಾಂಧವ್ಯ ಅಂತ 1979ರಲ್ಲಿ ಬೋರ್ಡಿನ್ ಹೇಳಿದ ಮೂರು ಅಂಶಗಳನ್ನಿಟ್ಟುಕೊಂಡು ಹೋರ್ವತ್ ಮತ್ತು ಗ್ರೀನ್‌ಬರ್ಗ್ 1989ರಲ್ಲಿ 36 ಹೇಳಿಕೆಗಳ ಫಾರಂ ಪ್ರಕಟಿಸಿದರು. ಪ್ರತಿ ಹೇಳಿಕೆಗೂ 1ರಿಂದ 7 ಅಂಕ.

ನನಗೆ ಕೊಟ್ಟಿದ್ದು 12 ಹೇಳಿಕೆಗಳ ಚಿಕ್ಕ ಫಾರಂ. ಆಫೀಸಲ್ಲಿ ಜಾತಿ ಎತ್ತಿ ಆಡಿದ ಮಾತು ಹೇಳಿಕೊಂಡಾಗ "ಈಗೆಲ್ಲಿದೆ ಜಾತಿ? ನೀವೇ ಜಾಸ್ತಿ ಯೋಚನೆ ಮಾಡ್ತೀರಿ" ಅಂದಿದ್ದ ಮೇಡಂ ಎದುರಿಗೇ ಕೂತಿದ್ರು. ಪೂರಾ ಅಂಕ ಕೊಟ್ಟೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅದನ್ನ ನಂಬಿಕೆ ಅಂತ ಬರೆದುಕೊಂಡಿರ್ತಾರೆ. ಗೌಡರ ಮುಂದೆ, ಮೇಷ್ಟ್ರ ಮುಂದೆ, ಸಾಹೇಬರ ಮುಂದೆ "ಹೂಂ" ಅಂತಲೇ ಬದುಕು ಉಳಿಸಿಕೊಂಡವರ ಅಭ್ಯಾಸ ಸ್ವಾಮಿ ಅದು.

ಅಳತೆ ಬೇಡ ಅಂತಿಲ್ಲ. ನಂಟು ಗಟ್ಟಿಯಿದ್ದಲ್ಲಿ ಚಿಕಿತ್ಸೆಯೂ ಚೆನ್ನಾಗಿ ಫಲಿಸುತ್ತೆ ಅಂತ ಸಂಶೋಧನೆಗಳು ಹೇಳ್ತಾನೇ ಬಂದಿವೆ. ಅದಕ್ಕೇ ಕೇಳ್ತಿರೋದು. ಥೆರಪಿಸ್ಟ್ ಕಣ್ಣೆದುರು ಫಾರಂ ತುಂಬಿಸಬೇಡಿ. "ಜಾತಿಯಿಂದಾದ ನೋವನ್ನ ಇಲ್ಲಿ ಧೈರ್ಯವಾಗಿ ಹೇಳಬಲ್ಲೆ" ಅನ್ನೋ ಸಾಲೊಂದನ್ನ ಜೊತೆಗಿಟ್ಟು ಕೇಳಿ. ಬಂದ ಅಂಕಕ್ಕೆ ಬೀಗೋ ಮುಂಚೆ, ಹೇಳದೇ ಕೇಳದೇ ಬಿಟ್ಟುಹೋದವರನ್ನೂ ಎಣಿಸಿ.

ಜೈ ಭೀಮ್.